ಹಾಕಿದ್ರ ಮುಗೀತಲ್ರಿ ಮೇಡಂ

ಫಸ್ಟ್ ಪಿಯುಸಿ ಗಣಿತದಲ್ಲಿ ಲಿಮಿಟ್ಸ್ ಪಾಠ ಬರುವ ಹೊತ್ತಿಗೆ ನಮ್ಮ ಕಲಬುರಗಿ ಕಡೆ ತೊಗರಿ ರಾಶಿ ಶುರುವಾಗಿರುತ್ತದೆ. ಹಳ್ಳಿಯಿಂದ ಬರುವ ಹುಡುಗರು ಹೊಲದಲ್ಲಿ. ಕ್ಲಾಸಿಗೆ ಬಂದವರ ಕಣ್ಣು ಆಗಲೇ ಸಿಇಟಿ ಮೇಲೆ. ಸಿಲೆಬಸ್ ಮುಗಿಸಬೇಕಾದವರಿಗೆ ಅವಸರ. ಹೀಗಾಗಿ ಮುಂದಿನ ಎರಡು-ಮೂರು ವರ್ಷದ ಗಣಿತವೆಲ್ಲ ಯಾವುದರ ಮೇಲೆ ನಿಂತಿದೆಯೋ ಆ ಪಾಠವೇ ಎಲ್ಲಕ್ಕಿಂತ ಬೇಗ ಓಡಿಹೋಗುತ್ತದೆ. ಓಡಿಸಲು ಅನುಕೂಲವೂ ಇದೆ ಅನ್ನಿ. ಪುಸ್ತಕದ ಲೆಕ್ಕಗಳಲ್ಲಿ ಬಹುಪಾಲು ಎಕ್ಸ್ ಇದ್ದಲ್ಲಿ ಬೆಲೆ ಹಾಕಿದರೆ ಮುಗಿಯುತ್ತವೆ. ಸೊನ್ನೆ ಬೈ ಸೊನ್ನೆ ಬಂತೋ, ಅಪವರ್ತನ ಮಾಡು, ಮೇಲೆ ಕೆಳಗೆ ಹೊಡೆದುಹಾಕು, ಮತ್ತೆ ಬೆಲೆ ಹಾಕು. ಉತ್ತರ ಬಂತು, ಮುಂದಿನ ಲೆಕ್ಕ.

ಸೇಡಂ ಕಡೆಯ ಒಂದು ಕಾಲೇಜಿನಲ್ಲಿ ಗಣಿತ ಹೇಳುವ ನನಗೆ ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು: “ಹಾಕಿದ್ರ ಮುಗೀತಲ್ರಿ ಮೇಡಂ. ಅದಕ್ಕ ಇಷ್ಟೆಲ್ಲ ನಿಯಮ ಯಾಕ್ರಿ?” ನ್ಯಾಯವಾದ ಪ್ರಶ್ನೆ. ನನ್ನ ಮರುಪ್ರಶ್ನೆಯೂ ಯಾವಾಗಲೂ ಒಂದೇ: “ಹಾಕಿದ್ರ ಮುಗೀತದ ಅಂತ ನಿನಗ ಯಾರ್ ಹೇಳ್ಯಾರಪ್ಪ?”

ಯಾರೂ ಹೇಳಿರುವುದಿಲ್ಲ. ಎಕ್ಸ್ 2ರ ಕಡೆ ಹೋಗುವಾಗ ಫಂಕ್ಷನ್ ಯಾವುದರ ಕಡೆ ಹೋಗುತ್ತದೆ ಎನ್ನುವುದು ಲಿಮಿಟ್. ಎಕ್ಸ್ 2 ಆದಾಗ ಫಂಕ್ಷನ್ ಎಷ್ಟು ಎನ್ನುವುದು ಬೇರೆಯೇ ಪ್ರಶ್ನೆ. ಪೂರ್ಣಾಂಕ ಫಂಕ್ಷನ್ ತೆಗೆದುಕೊಳ್ಳಿ: ಯಾವ ಸಂಖ್ಯೆ ಕೊಟ್ಟರೂ ಅದನ್ನು ಮೀರದ ಅತಿ ದೊಡ್ಡ ಪೂರ್ಣಾಂಕವನ್ನು ಕೊಡುವಂಥದ್ದು. 2 ಹಾಕಿದರೆ 2 ಬರುತ್ತದೆ. ಆದರೆ 1.9ಕ್ಕೆ 1, 1.99ಕ್ಕೆ 1, 1.999ಕ್ಕೂ 1. ಬಲಗಡೆಯಿಂದ ಬಂದರೆ 2, ಎಡಗಡೆಯಿಂದ ಬಂದರೆ 1. ಲಿಮಿಟ್ಟೇ ಇಲ್ಲ. ಬೆಲೆ ಹಾಕಿದವನು 2 ಎಂದು ಬರೆದು, ತಪ್ಪು ಆಯಿತೆಂದು ಗೊತ್ತೂ ಆಗದೆ ಮುಂದೆ ಹೋಗುತ್ತಾನೆ. ಬೆಲೆ ಹಾಕುವುದು ಕೆಲವು ಫಂಕ್ಷನ್‌ಗಳಿಗೆ ಸಿಕ್ಕ ಅನುಮತಿ, ಮತ್ತು ಆ ಅನುಮತಿ ಕೊಡುವವು ನಿಯಮಗಳು.

ನಿಯಮಗಳು ನೋಡಲು ಬಹಳ ಸಾಧು. ಎನ್‌ಸಿಇಆರ್‌ಟಿ ಪುಸ್ತಕ ಎಲ್ಲವನ್ನೂ ಒಂದೇ ಪ್ರಮೇಯದಲ್ಲಿ ಕಟ್ಟಿಕೊಡುತ್ತದೆ. ಎಫ್ ಮತ್ತು ಜಿ ಎರಡಕ್ಕೂ ಲಿಮಿಟ್ ಇದ್ದರೆ, ಕೂಡಿದ್ದರ ಲಿಮಿಟ್ ಎಂದರೆ ಲಿಮಿಟ್‌ಗಳನ್ನು ಕೂಡಿದ್ದು. ಕಳೆದದ್ದಕ್ಕೂ ಗುಣಿಸಿದ್ದಕ್ಕೂ ಹಾಗೆಯೇ. ಭಾಗಿಸಿದ್ದಕ್ಕೂ ಹಾಗೆಯೇ, ಆದರೆ ಛೇದದ ಲಿಮಿಟ್ ಸೊನ್ನೆಯಾಗಿರಬಾರದು. ಇದಕ್ಕೆ ಎರಡು ಸಣ್ಣ ಸಂಗತಿ ಸೇರಿಸಿ: ಎಕ್ಸ್ 2ರ ಕಡೆ ಹೋದರೆ ಎಕ್ಸ್‌ನ ಲಿಮಿಟ್ 2, ಸ್ಥಿರಾಂಕದ ಲಿಮಿಟ್ ಆ ಸ್ಥಿರಾಂಕವೇ. ಇಷ್ಟೇ ಬಂಡವಾಳ.

ಇಷ್ಟರಲ್ಲೇ ಎಕ್ಸ್³ − 4ಎಕ್ಸ್ + 5 ಎಂಬುದನ್ನು 2ರ ಹತ್ತಿರ ಬಿಡಿಸಿ ನೋಡಿ. ಎಕ್ಸ್‌ಗೆ ಎಕ್ಸ್ ಗುಣಿಸಿದರೆ ಲಿಮಿಟ್ 2 × 2, ಅಂದರೆ 4. ಇನ್ನೊಮ್ಮೆ ಗುಣಿಸಿದರೆ 8. ಇದು ಗುಣಾಕಾರದ ನಿಯಮ. 4ಎಕ್ಸ್‌ನ ಲಿಮಿಟ್ 8, ಅದೂ ಗುಣಾಕಾರವೇ. ಕೊನೆಗೆ ಕೂಡುವ, ಕಳೆಯುವ ನಿಯಮ: 8 − 8 + 5, ಉತ್ತರ 5. ನೇರವಾಗಿ 2 ಹಾಕಿದ್ದರೂ 5 ಬರುತ್ತಿತ್ತು. ಯಾವ ಬಹುಪದೋಕ್ತಿಯನ್ನು ಕೊಟ್ಟರೂ ಹೀಗೆಯೇ ಬಿಡಿಸಬಹುದಾದ್ದರಿಂದ ಬಹುಪದೋಕ್ತಿಗಳಿಗೆ ಬೆಲೆ ಹಾಕಬಹುದು. ನಾವು ಶುರು ಎಂದುಕೊಂಡದ್ದು ನಿಜದಲ್ಲಿ ಕೊನೆಯ ಸಾಲು. ನನ್ನ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ಇಂಥ ಒಂದು ಲೆಕ್ಕವನ್ನಾದರೂ ಸಾಲು ಸಾಲಾಗಿ, ಯಾವ ಸಾಲಿಗೆ ಯಾವ ನಿಯಮ ಎಂದು ಪಕ್ಕದಲ್ಲಿ ಬರೆದು ತೋರಿಸಬೇಕು. ಒಂದು ಸಾಕು. ಇಪ್ಪತ್ತು ಮಾಡಿಸಿದರೆ ಅದೂ ಕಾಪಿ ಹೊಡೆಯುವ ಕೆಲಸವಾಗುತ್ತದೆ.

ನಿಯಮ ಯಾಕೆ ನಿಜ ಎಂದು ಕೇಳುವವರು ಕಡಿಮೆ. ಕೇಳಿದವರಿಗೆ ನಾನು ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಲೆಕ್ಕ ಹೇಳುತ್ತೇನೆ. ಒಂದೊಂದು ತೊಗರಿ ಚೀಲದ ತೂಕದಲ್ಲಿ ಹೆಚ್ಚೆಂದರೆ 50 ಗ್ರಾಂ ಆಚೀಚೆ ಆಗಬಹುದು ಎಂದಿಟ್ಟುಕೊಳ್ಳಿ. ಎರಡು ಚೀಲ ಸೇರಿದರೆ ಆಚೀಚೆ 100 ಗ್ರಾಂ ದಾಟುವುದಿಲ್ಲ. ಖರೀದಿದಾರ ಹಟಮಾರಿ, ಎರಡೂ ಸೇರಿ 10 ಗ್ರಾಮಿನೊಳಗೇ ಇರಬೇಕು ಅನ್ನುತ್ತಾನೆ. ಆಗ ಒಂದೊಂದನ್ನೂ 5 ಗ್ರಾಮಿನೊಳಗೆ ತೂಗುವ ಕಾಟಾ ತಂದರಾಯಿತು. ಅವನು ಎಷ್ಟೇ ಬಿಗಿ ಮಾಡಲಿ, ಅದರ ಅರ್ಧದಷ್ಟು ಬಿಗಿಯಾಗಿ ಒಂದೊಂದನ್ನೂ ತೂಗಲು ಸಾಧ್ಯವಿದ್ದರೆ ನಾವು ಗೆದ್ದೆವು. ಡಿಗ್ರಿಗೆ ಹೋದಮೇಲೆ, ಒಪ್ಪಬಹುದಾದ ತಪ್ಪಿನ ಮಿತಿಗೆ ಎಪ್ಸಿಲಾನ್ ಎಂದು ಹೆಸರಿಟ್ಟು, ಎಪ್ಸಿಲಾನ್ ಬೈ 2 ಎಂದು ಬೋರ್ಡಿನ ಮೇಲೆ ಬರೆದು ಹೆದರಿಸುತ್ತಾರಲ್ಲ, ಕೂಡುವ ನಿಯಮದ ಸಾಧನೆ, ಅದು ಈ ಅರ್ಧರ್ಧ ಹಂಚಿಕೆಗಿಂತ ಹೆಚ್ಚಿನದೇನಲ್ಲ.

ಗುಣಾಕಾರದಲ್ಲಿ ತಪ್ಪು ಬೇರೆ ರೀತಿ ಬೆಳೆಯುತ್ತದೆ. 3.01 × 4.01 ಎಂದರೆ 12.0701. ಒಂದೊಂದರಲ್ಲೂ 0.01ರಷ್ಟೇ ಹೆಚ್ಚಿದ್ದರೂ ಗುಣಲಬ್ಧದಲ್ಲಿ 0.07ಕ್ಕಿಂತ ಚೂರು ಹೆಚ್ಚಾಯಿತು, ಯಾಕೆಂದರೆ ಮೂರರ ತಪ್ಪನ್ನು ನಾಲ್ಕು ಎತ್ತಿ ಹಿಡಿಯಿತು, ನಾಲ್ಕರ ತಪ್ಪನ್ನು ಮೂರು. ಆದರೂ ಹತೋಟಿಯಲ್ಲೇ ಇದೆ: 3.001 × 4.001 ಮಾಡಿದರೆ 12.007001. ಹತ್ತಿರ ಹೋದಂತೆ ಹತ್ತಿರ ಬರುತ್ತದೆ.

ಭಾಗಾಕಾರಕ್ಕೆ ಬಂದಾಗ ಮಾತ್ರ ನಿಯಮ ಷರತ್ತು ಹಾಕುತ್ತದೆ. ಛೇದ 5ರ ಸುತ್ತ ಇದ್ದರೆ ತೊಂದರೆಯಿಲ್ಲ, 1 ÷ 5.01 ಸುಮಾರು 0.1996, 1 ÷ 5.001 ಸುಮಾರು 0.19996, ಎಲ್ಲ ಶಾಂತ. ಛೇದ ಸೊನ್ನೆಯ ಸುತ್ತ ಬಂದರೆ? 0.01ಕ್ಕೂ 0.001ಕ್ಕೂ ನಡುವೆ ಇರುವುದು ಬರೀ 0.009. ಆದರೆ 1 ÷ 0.01 ಎಂದರೆ 100, 1 ÷ 0.001 ಎಂದರೆ 1000. ಛೇದದಲ್ಲಿ ಕಣ್ಣಿಗೆ ಕಾಣದಷ್ಟು ಅಲುಗಾಡಿದರೆ ಭಾಗಲಬ್ಧ ಒಂಬೈನೂರು ಜಿಗಿಯಿತು. ಇಂಥ ಕಡೆ ಯಾವ ಭರವಸೆಯನ್ನೂ ಕೊಡಲಾಗದು, ಅದಕ್ಕೇ ನಿಯಮ ಕೈ ಎತ್ತುತ್ತದೆ. ಕೈ ಎತ್ತುತ್ತದೆ ಎಂದರೆ ‘ಲಿಮಿಟ್ ಇಲ್ಲ’ ಎಂದು ಹೇಳುತ್ತಿಲ್ಲ, ‘ನನ್ನನ್ನು ಕೇಳಬೇಡ’ ಎನ್ನುತ್ತಿದೆ. ಇವೆರಡರ ವ್ಯತ್ಯಾಸ ಹಿಡಿಯಲು ಹುಡುಗರಿಗೆ ಬಹಳ ಹೊತ್ತು ಬೇಕಾಗುತ್ತದೆ.

‘ಎರಡಕ್ಕೂ ಲಿಮಿಟ್ ಇದ್ದರೆ’ ಎಂಬ ಮೊದಲ ಷರತ್ತಿನದೂ ಇದೇ ಕತೆ. 1 ÷ (ಎಕ್ಸ್ − 1) ಎಂಬುದರಿಂದ 2 ÷ (ಎಕ್ಸ್² − 1) ಎಂಬುದನ್ನು ಕಳೆಯಿರಿ, ಎಕ್ಸ್ 1ರ ಕಡೆ ಹೋಗಲಿ. ಮೊದಲನೆಯದಕ್ಕೆ ಲಿಮಿಟ್ ಇಲ್ಲ. ಎರಡನೆಯದಕ್ಕೂ ಇಲ್ಲ. ಇಲ್ಲದ್ದರಿಂದ ಇಲ್ಲದ್ದು ಕಳೆದರೆ ಇಲ್ಲದ್ದೇ ಅಲ್ಲವೇ? 1.01 ಹಾಕಿ ನೋಡಿ: ಮೊದಲನೆಯದು 100, ಎರಡನೆಯದು ಸುಮಾರು 99.5, ವ್ಯತ್ಯಾಸ ಸುಮಾರು 0.4975. ಛೇದ ಸಮ ಮಾಡಿ ಕಳೆದರೆ ಉಳಿಯುವುದು 1 ÷ (ಎಕ್ಸ್ + 1). ಲಿಮಿಟ್ ಅರ್ಧ. ಎರಡು ಫಂಕ್ಷನ್‌ಗಳು ಒಂದೇ ವೇಗದಲ್ಲಿ ಹುಚ್ಚೆದ್ದು ಓಡುತ್ತಿವೆ, ನಡುವಿನ ಅಂತರ ಮಾತ್ರ ಸ್ಥಿರವಾಗುತ್ತಿದೆ. ಕಳೆಯುವ ನಿಯಮ ಇಲ್ಲಿ ತಪ್ಪಾಗಲಿಲ್ಲ, ಅದನ್ನು ಕರೆಯುವ ಹಕ್ಕು ನಮಗಿರಲಿಲ್ಲ ಅಷ್ಟೆ.

ಇನ್ನೊಂದು ಲೆಕ್ಕ ನನಗೆ ಇಷ್ಟ, ಮಾರ್ಕ್ಸ್ ಕೊಡುವಾಗ ಮಾತ್ರ ಕಷ್ಟ. ಎಕ್ಸ್ × ಸೈನ್(1 ÷ ಎಕ್ಸ್), ಸೊನ್ನೆಯ ಹತ್ತಿರ. ಹುಡುಗಿ ಬರೆಯುತ್ತಾಳೆ: ಎಕ್ಸ್ ಸೊನ್ನೆಗೆ ಹೋಗುತ್ತದೆ, ಸೊನ್ನೆಗೆ ಏನು ಗುಣಿಸಿದರೂ ಸೊನ್ನೆ, ಆದ್ದರಿಂದ ಉತ್ತರ ಸೊನ್ನೆ. ಉತ್ತರ ಸರಿ. ದಾರಿ ಪೂರಾ ತಪ್ಪು. ಸೈನ್(1 ÷ ಎಕ್ಸ್) ಸೊನ್ನೆಯ ಹತ್ತಿರ 1ಕ್ಕೂ −1ಕ್ಕೂ ನಡುವೆ ಎಣಿಕೆಯಿಲ್ಲದಷ್ಟು ಸಲ ಮೇಲೆ ಕೆಳಗೆ ಆಡುತ್ತದೆ, ಅದಕ್ಕೆ ಲಿಮಿಟ್ಟೇ ಇಲ್ಲವಾದ್ದರಿಂದ ಗುಣಾಕಾರದ ನಿಯಮ ಬಳಸುವಂತಿಲ್ಲ. ಅದೇ ವಾದವನ್ನು ಎಕ್ಸ್ × (1 ÷ ಎಕ್ಸ್) ಎಂಬುದಕ್ಕೆ ಹೂಡಿದರೆ ಅಲ್ಲೂ ಸೊನ್ನೆ ಬರಬೇಕಾಗಿತ್ತು, ಬರುವುದು 1. ಸೈನಿನ ಲೆಕ್ಕವನ್ನು ಉಳಿಸಿದ್ದು ಅದು ಎಷ್ಟೇ ಕುಣಿದರೂ 1 ಮತ್ತು −1ರ ಬೇಲಿ ದಾಟುವುದಿಲ್ಲ ಎಂಬುದು. ಹಾಗಾಗಿ ಇಡೀ ಗುಣಲಬ್ಧ ಎಕ್ಸ್‌ನ ಗಾತ್ರಕ್ಕೂ ಅದರ ಋಣಕ್ಕೂ ನಡುವೆ ಸಿಕ್ಕಿಬಿದ್ದು ಸೊನ್ನೆಗೆ ಬರುತ್ತದೆ. ಅದು ಸ್ಯಾಂಡ್‌ವಿಚ್ ಪ್ರಮೇಯ, ಬೇರೆಯೇ ಸಾಧನ.

ಈಗ ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವ ಜಾಗ. ಛೇದ ಸೊನ್ನೆಗೆ ಹೋಗುತ್ತದೆ, ಅಂಶ ಸೊನ್ನೆಗೆ ಹೋಗುವುದಿಲ್ಲ ಎಂದಿಟ್ಟುಕೊಳ್ಳಿ. ಉದಾಹರಣೆಗೆ (ಎಕ್ಸ್² + 1) ÷ (ಎಕ್ಸ್ − 1), ಎಕ್ಸ್ 1ರ ಕಡೆ. ಅಂಶ 2ಕ್ಕೆ ಹೋಗುತ್ತದೆ. ಇದಕ್ಕೆ ಲಿಮಿಟ್ ಇಲ್ಲ ಎಂದು ಎಲ್ಲರೂ ಬರೆಯುತ್ತಾರೆ, ‘ಇನ್ಫಿನಿಟಿ’ ಎಂದು ಒಂದು ಗುರುತು ಹಾಕಿ ಮುಗಿಸುತ್ತಾರೆ. ಯಾಕೆ ಇಲ್ಲ? ಭಾಗಾಕಾರದ ನಿಯಮ ಬಾಯಿ ಮುಚ್ಚಿಕೊಂಡಿದೆ. ಆದರೆ ಗುಣಾಕಾರದ ನಿಯಮ ಇನ್ನೂ ಮಾತಾಡಬಲ್ಲದು. ಲಿಮಿಟ್ ಇದೆ, ಅದು ಎಲ್ ಎಂಬ ಯಾವುದೋ ಸಂಖ್ಯೆ ಎಂದು ಕ್ಷಣಕಾಲ ಒಪ್ಪಿಕೊಳ್ಳಿ. ಛೇದವಾದ (ಎಕ್ಸ್ − 1)ಕ್ಕೂ ಲಿಮಿಟ್ ಇದೆ, ಸೊನ್ನೆ. ಎರಡಕ್ಕೂ ಇರುವುದರಿಂದ ಗುಣಿಸುವ ಹಕ್ಕು ಬಂತು: ಗುಣಲಬ್ಧದ ಲಿಮಿಟ್ ಎಲ್ × 0, ಅಂದರೆ ಸೊನ್ನೆ. ಆದರೆ ಭಾಗಲಬ್ಧಕ್ಕೆ ಛೇದ ಗುಣಿಸಿದರೆ ಬರುವುದು ಅಂಶವೇ, ಅದರ ಲಿಮಿಟ್ 2. ಸೊನ್ನೆ 2 ಆಗಲಾರದು. ಆದ್ದರಿಂದ ಎಲ್ ಎಂಬುದೇ ಇಲ್ಲ.

ಎಲ್ ಯಾವುದು ಎಂದು ನಾವು ಕೇಳಲೇ ಇಲ್ಲ, ಗ್ರಾಫ್ ಹಾಕಲಿಲ್ಲ, ಒಂದು ಬೆಲೆಯನ್ನೂ ಲೆಕ್ಕ ಮಾಡಲಿಲ್ಲ. ಇದೇ ವಾದ ತಿರುಗಿಸಿದರೆ ಇನ್ನೊಂದು ಸಿಗುತ್ತದೆ: ಛೇದ ಸೊನ್ನೆಗೆ ಹೋಗುವಾಗ ಲಿಮಿಟ್ ಇರಬೇಕಾದರೆ ಅಂಶವೂ ಸೊನ್ನೆಗೆ ಹೋಗಲೇಬೇಕು. ಸೊನ್ನೆ ಬೈ ಸೊನ್ನೆ ಕಂಡರೆ ಮುಖ ಸಣ್ಣ ಮಾಡಿಕೊಳ್ಳುವ ಹುಡುಗರಿಗೆ ನಾನು ಹೇಳುವುದು ಇದನ್ನೇ, ಛೇದ ಸೊನ್ನೆಯಾದಾಗ ಆಸೆ ಇರುವುದು ಅಲ್ಲೊಂದೇ ಕಡೆ.

ಸರಿ, ಸೊನ್ನೆ ಬೈ ಸೊನ್ನೆ. (ಎಕ್ಸ್² + ಎಕ್ಸ್ − 6) ÷ (ಎಕ್ಸ್² − 4), ಎಕ್ಸ್ 2ರ ಕಡೆ. ಮೇಲೆ (ಎಕ್ಸ್ − 2)(ಎಕ್ಸ್ + 3), ಕೆಳಗೆ (ಎಕ್ಸ್ − 2)(ಎಕ್ಸ್ + 2). ಹೊಡೆದುಹಾಕಿದರೆ (ಎಕ್ಸ್ + 3) ÷ (ಎಕ್ಸ್ + 2). ಈಗ ಛೇದ 4ಕ್ಕೆ ಹೋಗುತ್ತದೆ, ಭಾಗಾಕಾರದ ನಿಯಮ ಬಾಗಿಲು ತೆಗೆಯಿತು, ಉತ್ತರ 5 ÷ 4. ಇಲ್ಲಿ ಜಾಣ ಹುಡುಗನೊಬ್ಬ ಎದ್ದೇ ಏಳುತ್ತಾನೆ: “ಮೇಡಂ, ಹೊಡಿಬೇಕಾದ್ರ ಎಕ್ಸ್ ಮೈನಸ್ 2 ಸೊನ್ನೆ ಅಲ್ಲ ಅಂದ್ರಿ. ಆಮ್ಯಾಲ ಎಕ್ಸ್‌ಗಿ 2 ಹಾಕಿದ್ರಿ. ಇದು ಮೋಸ ಅಲ್ಲೇನ್ರಿ?”

ಆ ಹುಡುಗ ಒಳ್ಳೆಯ ಸಾಲಿನಲ್ಲಿ ನಿಂತಿದ್ದಾನೆ. ಐರ್ಲೆಂಡಿನ ತತ್ವಜ್ಞಾನಿ, ಪಾದ್ರಿ ಜಾರ್ಜ್ ಬರ್ಕ್ಲಿ 1734ರಲ್ಲಿ ನ್ಯೂಟನ್ನನ ಕಡೆಯವರಿಗೆ ಕೇಳಿದ್ದು ಇದನ್ನೇ. ಮೊದಲು ಸಣ್ಣ ಏರಿಕೆಯೊಂದು ಇದೆ ಅನ್ನುತ್ತೀರಿ, ಅದರಿಂದ ಭಾಗಿಸುತ್ತೀರಿ, ಕೆಲಸ ಮುಗಿದಮೇಲೆ ಅದು ಇಲ್ಲ ಅನ್ನುತ್ತೀರಿ. ಇವೇನು ಅಳಿದುಹೋದ ಪರಿಮಾಣಗಳ ದೆವ್ವಗಳೇ ಎಂದು ಕುಟುಕಿದ. ಉತ್ತರಗಳು ಸರಿ ಬರುತ್ತಿದ್ದವು, ಸಮಾಧಾನ ಮಾತ್ರ ಯಾರ ಬಳಿಯೂ ನೆಟ್ಟಗಿರಲಿಲ್ಲ. 1821ರಲ್ಲಿ ಪ್ಯಾರಿಸ್ಸಿನ ಕೋಶಿ ತನ್ನ ಪಾಠದ ಪುಸ್ತಕದಲ್ಲಿ ಲಿಮಿಟ್ಟನ್ನೇ ಬುನಾದಿಯಾಗಿಟ್ಟ. ಎಪ್ಸಿಲಾನ್, ಡೆಲ್ಟಾಗಳ ಈಗಿನ ರೂಪ ಬಿಗಿಯಾದದ್ದು ಆಮೇಲೆ, ಬರ್ಲಿನ್ನಿನ ವೈಯರ್‌ಸ್ಟ್ರಾಸ್ ಕೈಯಲ್ಲಿ.

ಹುಡುಗನಿಗೆ ಕೊಡಬೇಕಾದ ಉತ್ತರ ಎರಡು ಸಾಲಿನದು. ಹೊಡೆದುಹಾಕುವಾಗ ನಾವು ಹೇಳಿದ್ದು: 2 ಒಂದನ್ನು ಬಿಟ್ಟು ಉಳಿದೆಲ್ಲ ಕಡೆ, 2ರ ಆಸುಪಾಸಿನಲ್ಲಿ, ಈ ಎರಡು ಫಂಕ್ಷನ್ ಒಂದೇ. ಲಿಮಿಟ್ ಅನ್ನುವುದು 2ನ್ನು ನೋಡುವುದೇ ಇಲ್ಲ, ಅದರ ಆಸುಪಾಸನ್ನಷ್ಟೇ ನೋಡುತ್ತದೆ, ಹಾಗಾಗಿ ಎರಡರ ಲಿಮಿಟ್ಟೂ ಒಂದೇ. ಅಲ್ಲಿಗೆ ಮೊದಲ ಫಂಕ್ಷನ್ನಿನ ಕೆಲಸ ಮುಗಿಯಿತು. ಆಮೇಲೆ 2 ಹಾಕಿದ್ದು ಹೊಸ ಫಂಕ್ಷನ್ನಿಗೆ, ಅದೂ ಭಾಗಾಕಾರದ ನಿಯಮ ಅನುಮತಿ ಕೊಟ್ಟಿದ್ದರಿಂದ. ‘ಒಂದು ಬಿಂದುವನ್ನು ಬಿಟ್ಟು ಒಂದೇ ಆಗಿರುವ ಫಂಕ್ಷನ್‌ಗಳಿಗೆ ಆ ಬಿಂದುವಿನಲ್ಲಿ ಲಿಮಿಟ್ ಒಂದೇ’ ಎಂಬ ಈ ಮಾತಿಗೆ ನಿಯಮಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ. ನನ್ನ ಕೈಲಿದ್ದರೆ ಅದಕ್ಕೇ ಒಂದನೇ ನಂಬರ್ ಕೊಡುತ್ತಿದ್ದೆ. ಯಾಕೆಂದರೆ ಡೆರಿವೇಟಿವ್, ಅಂದರೆ ಫಂಕ್ಷನ್ ಬದಲಾಗುವ ವೇಗ, ಎಂಬುದರ ಛೇದದಲ್ಲಿ ಎಕ್ಸ್‌ನ ಸಣ್ಣ ಏರಿಕೆಯಾದ ಎಚ್ ಇದೆ, ಎಚ್ ಯಾವಾಗಲೂ ಸೊನ್ನೆಗೇ ಹೋಗುತ್ತದೆ, ಅಂದರೆ ಭಾಗಾಕಾರದ ನಿಯಮ ಅಲ್ಲಿ ನೇರವಾಗಿ ಒಂದು ಸಲವೂ ಕೆಲಸಕ್ಕೆ ಬರುವುದಿಲ್ಲ. ಎಕ್ಸ್²ನ ಡೆರಿವೇಟಿವ್ ಬರೆದಾಗ (2ಎಕ್ಸ್ಎಚ್ + ಎಚ್²) ÷ ಎಚ್ ಬರುತ್ತದೆ. ಎಚ್ ಸೊನ್ನೆಯಲ್ಲದ ಕಡೆಯೆಲ್ಲ ಅದು 2ಎಕ್ಸ್ + ಎಚ್. ಅದರ ಲಿಮಿಟ್ 2ಎಕ್ಸ್. ನಿಯಮ ಎಲ್ಲಿ ಕೈ ಎತ್ತಿತೋ ಅಲ್ಲೇ ಇಡೀ ಕ್ಯಾಲ್ಕುಲಸ್ ಮನೆ ಮಾಡಿಕೊಂಡಿದೆ.

ಕಲಬುರಗಿಯಿಂದ ಸೇಡಂಗೆ ಹೋಗುವ ಬಸ್ಸು ಮಳಖೇಡದ ಮೇಲೆ ಹೋಗುತ್ತದೆ. ಕಾಗಿಣಾ ದಂಡೆಯ ಹಾಳು ಕೋಟೆ, ಪಕ್ಕದ ಸಿಮೆಂಟ್ ಕಾರ್ಖಾನೆಯ ಧೂಳು. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿದ್ದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು, ಆರಂಭದಲ್ಲೇ ಆ ದೊರೆಯನ್ನು ಹೊಗಳಿದ್ದಾರೆ. ಆ ಗ್ರಂಥದಲ್ಲಿ ಸೊನ್ನೆಯ ಬಗ್ಗೆ ಅವರ ಮಾತು ಹೀಗಿದೆ: ಸೊನ್ನೆಯಿಂದ ಗುಣಿಸಿದರೆ ಸೊನ್ನೆ, ಸೊನ್ನೆಯನ್ನು ಕೂಡಿದರೂ ಕಳೆದರೂ ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆ ಬದಲಾಗುವುದಿಲ್ಲ. ಕೊನೆಯದು ನಿಲ್ಲುವುದಿಲ್ಲ. 8 ÷ 0.1 ಎಂದರೆ 80, 8 ÷ 0.01 ಎಂದರೆ 800, ಋಣದ ಕಡೆಯಿಂದ ಬಂದರೆ −80, −800. ಎಂಟರ ಸಮೀಪಕ್ಕೂ ಸುಳಿಯುವುದಿಲ್ಲ. ಪಾಲು ಕೇಳುವವರೇ ಇಲ್ಲದಿದ್ದರೆ ಇದ್ದದ್ದು ಇದ್ದಂತೆಯೇ ಉಳಿಯುತ್ತದೆ ಎಂದು ಅವರು ಯೋಚಿಸಿರಬಹುದು. ಅವರಿಗೂ ಹಿಂದೆ, 628ರಲ್ಲಿ, ಬ್ರಹ್ಮಗುಪ್ತ ಸೊನ್ನೆಯಿಂದ ಸೊನ್ನೆ ಭಾಗಿಸಿದರೆ ಸೊನ್ನೆ ಎಂದಿದ್ದ. ಇವರನ್ನು ನೋಡಿ ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೊನ್ನೆಯನ್ನು ಕೂಡುವ ಕಳೆಯುವ ಸಂಖ್ಯೆಯಾಗಿ ಕೂರಿಸಿ, ಅದಕ್ಕೂ ನಿಯಮ ಬರೆಯಲು ಹೊರಟವರೇ ಕೆಲವರು.

1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯರು ಇನ್ನೊಂದು ಹೆಜ್ಜೆ ಇಡುತ್ತಾರೆ. ಸೊನ್ನೆಯಿಂದ ಗುಣಿಸಿದ ಸಂಖ್ಯೆಯನ್ನು, ಲೆಕ್ಕ ಇನ್ನೂ ಬಾಕಿಯಿದ್ದರೆ, ತಕ್ಷಣ ಸೊನ್ನೆ ಮಾಡಬೇಡ, ಗುಣಕವನ್ನು ಹಾಗೇ ಇಟ್ಟುಕೋ. ಮುಂದೆ ಸೊನ್ನೆಯಿಂದ ಭಾಗಿಸುವ ಪ್ರಸಂಗ ಬಂದರೆ ಸಂಖ್ಯೆ ಬದಲಾಗಲಿಲ್ಲವೆಂದೇ ತಿಳಿ. ಜೊತೆಗೆ ಒಂದು ಲೆಕ್ಕ: ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿ, ಬಂದದ್ದಕ್ಕೆ ಅದರದೇ ಅರ್ಧ ಸೇರಿಸಿ, ಮೂರರಿಂದ ಗುಣಿಸಿ, ಸೊನ್ನೆಯಿಂದ ಭಾಗಿಸಿದರೆ 63 ಬರುತ್ತದೆ? ಇಂಥ ಲೆಕ್ಕಕ್ಕೆ ಗ್ರಹಗಣಿತದಲ್ಲಿ ಬಹಳ ಉಪಯೋಗ ಎಂದೂ ಹೇಳುತ್ತಾರೆ. ಕ್ಲಾಸಿನಲ್ಲಿ ನಾನು ಸೊನ್ನೆ ಇದ್ದಲ್ಲಿ ಎಚ್ ಬರೆಸುತ್ತೇನೆ. ಎಕ್ಸ್ಎಚ್‌ಗೆ ಅದರ ಅರ್ಧ ಸೇರಿ ಒಂದೂವರೆ ಎಕ್ಸ್ಎಚ್, ಮೂರರಿಂದ ಗುಣಿಸಿದರೆ ನಾಲ್ಕೂವರೆ ಎಕ್ಸ್ಎಚ್, ಎಚ್‌ನಿಂದ ಭಾಗಿಸಿದರೆ ನಾಲ್ಕೂವರೆ ಎಕ್ಸ್. ಅದು 63 ಆದರೆ ಎಕ್ಸ್ 14. ಗ್ರಂಥದ ಉತ್ತರವೂ 14. ಭಾಸ್ಕರರು ಲಿಮಿಟ್ ಕಂಡುಹಿಡಿದರು ಎಂದು ವಾಟ್ಸಾಪಿನಲ್ಲಿ ಹಾಕುವವರ ಜೊತೆ ನಾನಿಲ್ಲ. ಅಲ್ಲಿ ‘ಹತ್ತಿರ ಹೋಗುವುದು’ ಎಂಬ ಕಲ್ಪನೆಗೆ ವ್ಯಾಖ್ಯೆ ಇಲ್ಲ, ಷರತ್ತು ಹೇಳುವ ನಿಯಮವೂ ಇಲ್ಲ. ಆದರೆ ಸೊನ್ನೆಯನ್ನು ಅವಸರದಲ್ಲಿ ನುಂಗಬಾರದು ಎಂಬ ಎಚ್ಚರ ಇದೆ, ನಮ್ಮ ಹುಡುಗರಲ್ಲಿ ಅನೇಕರಿಗೆ ಇಲ್ಲದ್ದು ಅದೇ.

ಅವರಿಗೆ ಅವಸರ ಕಲಿಸುವುದು ಟ್ಯೂಷನ್ನಿನಲ್ಲಿ ಸಿಗುವ ಲಾಪಿಟಾಲ್ ಸೂತ್ರ: ಸೊನ್ನೆ ಬೈ ಸೊನ್ನೆ ಅಥವಾ ಇನ್ಫಿನಿಟಿ ಬೈ ಇನ್ಫಿನಿಟಿ ಬಂದರೆ ಮೇಲೊಂದು ಡೆರಿವೇಟಿವ್, ಕೆಳಗೊಂದು ಡೆರಿವೇಟಿವ್, ಮತ್ತೆ ಬೆಲೆ ಹಾಕು. 1696ರ ಪುಸ್ತಕದಿಂದ ಬಂದ ಒಳ್ಳೆಯ ಸೂತ್ರ, ಸಿಇಟಿಯಲ್ಲಿ ಸಮಯವೂ ಉಳಿಯುತ್ತದೆ, ಬೇಡ ಎನ್ನಲು ನಾನ್ಯಾರು. ಆದರೆ ಸೈನ್ ಎಕ್ಸ್ ÷ ಎಕ್ಸ್ ಸೊನ್ನೆಯ ಹತ್ತಿರ 1 ಎಂದು ಅದರಿಂದ ಸಾಧಿಸುವುದು ಸುತ್ತು ಬಳಸಿ ಅಲ್ಲಿಗೇ ಬಂದಂತೆ. ಸೈನಿನ ಡೆರಿವೇಟಿವ್ ಕೊಸೈನ್ ಎಂದು ನಮಗೆ ಗೊತ್ತಾದದ್ದೇ ಆ ಲಿಮಿಟ್ಟಿನಿಂದ. ಸೂತ್ರಕ್ಕೂ ಷರತ್ತುಗಳಿವೆ, ಅವನ್ನೂ ಯಾರೂ ಓದುವುದಿಲ್ಲ. ಷರತ್ತು ಎಲ್ಲ ಸರಿಯಿದ್ದರೂ ಕೆಲವು ಸಲ ಅದು ಎಲ್ಲಿಗೂ ಮುಟ್ಟಿಸುವುದಿಲ್ಲ. ಎಕ್ಸ್ ÷ √(ಎಕ್ಸ್² + 1), ಎಕ್ಸ್ ಎಲ್ಲೆಯಿಲ್ಲದೆ ಬೆಳೆಯಲಿ. ಮೇಲಿನ ಡೆರಿವೇಟಿವ್ 1, ಕೆಳಗಿನದು ಎಕ್ಸ್ ÷ √(ಎಕ್ಸ್² + 1). ಭಾಗಿಸಿದರೆ ಮೊದಲಿನದೇ ತಲೆಕೆಳಗಾಗಿ ಬರುತ್ತದೆ. ಇನ್ನೊಮ್ಮೆ ಸೂತ್ರ ಹಾಕಿದರೆ ಮತ್ತೆ ನೆಟ್ಟಗಾಗುತ್ತದೆ. ಹಾಕುತ್ತ ಹೋಗಿ, ಗಂಟೆ ಹೊಡೆಯುವವರೆಗೂ ತಿರುಗುತ್ತಲೇ ಇರುತ್ತದೆ. ಅದರ ಬದಲು ಅಂಶ ಛೇದ ಎರಡನ್ನೂ ಎಕ್ಸ್‌ನಿಂದ ಭಾಗಿಸಿ. ಮೇಲೆ 1, ಕೆಳಗೆ √(1 + 1 ÷ ಎಕ್ಸ್²). 1 ÷ ಎಕ್ಸ್² ಸೊನ್ನೆಗೆ ಹೋಗುತ್ತದೆ, ಕೂಡುವ ನಿಯಮದಿಂದ ವರ್ಗಮೂಲದ ಒಳಗೆ 1, ಧನ ಸಂಖ್ಯೆಯ ಹತ್ತಿರ ವರ್ಗಮೂಲ ತೊಂದರೆ ಕೊಡುವುದಿಲ್ಲ, ಆದ್ದರಿಂದ ಛೇದದ ಲಿಮಿಟ್ 1. ಸೊನ್ನೆಯಲ್ಲ. ಭಾಗಾಕಾರದ ನಿಯಮ ಹಾಕಬಹುದು, ಉತ್ತರ 1.